ಹಬ್ಬಕ್ಕೆ ಮುಂಚೆ ಶ್ರುತಿ ಮಾಡಿಸಿದ ಚರ್ಚ್ ಪಿಯಾನೊ ಹಬ್ಬದ ರಾತ್ರಿಯೇ ಯಾಕೆ ಕೈಕೊಟ್ಟಿತು?

ಪ್ರಶ್ನೆ: ನಮ್ಮ ಚರ್ಚಿನ ಗಾನವೃಂದ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಹಳೆಯ ಗ್ರ್ಯಾಂಡ್ ಪಿಯಾನೊ ಇದೆ. ವರ್ಷಕ್ಕೊಮ್ಮೆ, ಕ್ರಿಸ್‌ಮಸ್‌ಗೆ ಮುಂಚೆ ಮಾತ್ರ ಶ್ರುತಿ ಮಾಡಿಸುತ್ತೇವೆ. ಕಳೆದ ಸಲ ಡಿಸೆಂಬರ್ 23ರ ಬೆಳಿಗ್ಗೆ ಟ್ಯೂನರ್ ಬಂದು ಮಾಡಿಕೊಟ್ಟು ಹೋದರು. ಆಗ ಚೆನ್ನಾಗಿಯೇ ಇತ್ತು. 24ರ ಸಂಜೆ ಹೀಟರ್ ಹಾಕಿದೆವು, ಗೋದಲಿಗೆ (ಯೇಸು ಹುಟ್ಟಿದ ದೃಶ್ಯದ ಅಲಂಕಾರಕ್ಕೆ) ಜಾಗ ಬೇಕೆಂದು ಪಿಯಾನೊವನ್ನು ಪಕ್ಕಕ್ಕೆ ಸರಿಸಿದೆವು. ಮಧ್ಯರಾತ್ರಿಯ ಪೂಜೆಯಲ್ಲಿ ಅದು ಆರ್ಗನ್ ಜೊತೆ ಸೇರಲೇ ಇಲ್ಲ. ನಡುವಿನ ಸ್ವರಗಳು ಇಳಿದಂತೆ ಕೇಳಿಸಿತು. ತಪ್ಪು ಟ್ಯೂನರ್‌ದಾ? ಈಸ್ಟರ್‌ಗೆ, ಮುಂದಿನ ಕ್ರಿಸ್‌ಮಸ್‌ಗೆ ಯಾವಾಗ ಮಾಡಿಸಬೇಕು?

ಉತ್ತರ: ನೀವು ಬರೆದಿದ್ದನ್ನು ಓದಿದರೆ ಟ್ಯೂನರ್ ತಪ್ಪು ಮಾಡಿದಂತೆ ನನಗೆ ಕಾಣುವುದಿಲ್ಲ. ಅವರು ಮಾಡಿದ ಶ್ರುತಿ 23ರ ಬೆಳಗಿನ ತಣ್ಣನೆಯ ಚರ್ಚಿಗೆ ಸರಿಯಾಗಿತ್ತು. ನೀವು ನುಡಿಸಿದ್ದು 24ರ ರಾತ್ರಿಯ ಬಿಸಿ ಚರ್ಚಿನಲ್ಲಿ. ಪಿಯಾನೊ ಮಟ್ಟಿಗೆ ಇವೆರಡೂ ಬೇರೆ ಬೇರೆ ಜಾಗ. ಹಬ್ಬ ಅಂದ ಕೂಡಲೇ ಎಲ್ಲರೂ ಕ್ಯಾಲೆಂಡರ್ ನೋಡುತ್ತಾರೆ, ಗಾಳಿಯನ್ನು ನೋಡುವವರು ಕಡಿಮೆ. ಯಾವ ಗಾಳಿಯಲ್ಲಿ ನುಡಿಸುತ್ತೀರೋ ಅದೇ ಗಾಳಿಯಲ್ಲಿ ಶ್ರುತಿ ಮಾಡಿಸಬೇಕು, ಅದೂ ಆ ಗಾಳಿ ಕೆಲವು ದಿನ ಒಂದೇ ಥರ ಇದ್ದ ಮೇಲೆ. ಯಾಕೆ ಅಂತ ಗೊತ್ತಾಗದಿದ್ದರೆ ಮುಂದಿನ ವರ್ಷವೂ ಇದೇ ಕತೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಪಿಯಾನೊದಲ್ಲಿ 88 ಕೀಗಳಿಗೆ ಸುಮಾರು 230 ತಂತಿಗಳಿರುತ್ತವೆ. ಅವುಗಳ ಒಟ್ಟು ಎಳೆತ 18 ಟನ್ ಆಸುಪಾಸು, ದೊಡ್ಡ ಗ್ರ್ಯಾಂಡ್‌ಗಳಲ್ಲಿ ಇನ್ನೂ ಜಾಸ್ತಿ. ಅಷ್ಟನ್ನೂ ತಡೆದುಕೊಳ್ಳುವುದು ಎರಕದ ಕಬ್ಬಿಣದ ಚೌಕಟ್ಟು. ತೇವಕ್ಕೆ ಅದು ಅಲುಗುವುದಿಲ್ಲ. ಅಲುಗುವುದು ಸೌಂಡ್‌ಬೋರ್ಡ್. ತಂತಿಗಳ ಕೆಳಗೆ ಇರುವ ತೆಳುವಾದ ಮರದ ಹಲಗೆ ಅದು, ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ದಪ್ಪ 8 ಮಿಲಿಮೀಟರ್ ಆಸುಪಾಸು, ಮಧ್ಯದಲ್ಲಿ ಚೂರು ಉಬ್ಬಿದ ಆಕಾರ. ಅದರ ಮೇಲೆ ಬ್ರಿಡ್ಜ್ ಎಂಬ ಮರದ ಪಟ್ಟಿ, ಬ್ರಿಡ್ಜ್ ಮೇಲೆ ತಂತಿ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವ ಹಾಗೆ ಈ ಹಲಗೆಯೂ ಹಿಗ್ಗುತ್ತದೆ. ಅಂಚುಗಳು ಭದ್ರವಾಗಿ ಅಂಟಿರುವುದರಿಂದ ಅಕ್ಕಪಕ್ಕಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ಮೇಲಕ್ಕೆ ಉಬ್ಬುತ್ತದೆ, ಬ್ರಿಡ್ಜ್ ತಂತಿಯನ್ನು ಮೇಲೆ ತಳ್ಳುತ್ತದೆ, ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಗಾಳಿ ಒಣಗಿದರೆ ಇದೆಲ್ಲ ತಿರುಗಾ ಮುರುಗಾ. ಹಲಗೆ ಕುಗ್ಗುತ್ತದೆ, ಶ್ರುತಿ ಇಳಿಯುತ್ತದೆ.

ಎಲ್ಲ ತಂತಿಗಳೂ ಒಂದೇ ಸಮ ಏರಿಳಿದಿದ್ದರೆ ಇಷ್ಟು ತೊಂದರೆ ಇರಲಿಲ್ಲ. ಪಿಯಾನೊ ಒಂದೇ ನುಡಿಸುವಾಗ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಆದರೆ ಹಲಗೆಯ ಉಬ್ಬು ಜಾಸ್ತಿ ಅಲುಗುವುದು ನಡುವಿನಲ್ಲಿ. ಹಾಗಾಗಿ ನಡುವಿನ ಎರಡು ಮೂರು ಸ್ಥಾಯಿಗಳು ಜಾಸ್ತಿ ಏರಿಳಿಯುತ್ತವೆ, ತೀರಾ ಮೇಲಿನ ಸ್ವರಗಳೂ ತಾಮ್ರ ಸುತ್ತಿದ ಕೆಳಗಿನ ತಂತಿಗಳೂ ಅಷ್ಟಾಗಿ ಕದಲುವುದಿಲ್ಲ. ಪರಿಣಾಮ ಏನೆಂದರೆ ಎಡಗೈ ಒಂದು ಶ್ರುತಿಯಲ್ಲಿ, ಬಲಗೈ ಇನ್ನೊಂದು ಶ್ರುತಿಯಲ್ಲಿ. ಜನ ಹಾಡುವುದು ಸರಿಯಾಗಿ ಆ ನಡುವಿನ ಸ್ಥಾಯಿಗಳಲ್ಲೇ, ಅಲ್ವಾ? ಒಂದು ಋತುವಿನಿಂದ ಇನ್ನೊಂದಕ್ಕೆ ಆ ಭಾಗ 10ರಿಂದ 20 ಸೆಂಟ್ ಸರಿಯುವುದು ಸಾಮಾನ್ಯ. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ 100 ಸೆಂಟ್. 20 ಸೆಂಟ್ ಇಳಿಯಿತು ಅಂದರೆ ಸೆಕೆಂಡಿಗೆ 440 ಸಲ ಕಂಪಿಸಬೇಕಾದ ಸ್ವರ 435ಕ್ಕೆ ಬಂತು ಅಂತ.

ಈಗ ನಿಮ್ಮ ಆ ರಾತ್ರಿಗೆ ಬರೋಣ. ಒಂದಲ್ಲ, ನಾಲ್ಕು ಸಂಗತಿಗಳು ಒಟ್ಟಿಗೆ ಸೇರಿಕೊಂಡಿವೆ.

ಮೊದಲನೆಯದು ಬಿಸಿ. ಉಕ್ಕಿನ ತಂತಿ ಬಿಸಿಯಾದರೆ ಚೂರು ಉದ್ದವಾಗಿ ಸಡಿಲವಾಗುತ್ತದೆ, ಶ್ರುತಿ ಕೆಲವು ಸೆಂಟ್ ಇಳಿಯುತ್ತದೆ. ತಂತಿ ಸಣ್ಣದು, ಬೇಗ ಬಿಸಿಯಾಗುತ್ತದೆ. ದಪ್ಪ ಕಬ್ಬಿಣದ ಚೌಕಟ್ಟು ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಮೇಲಿನಿಂದ ದೊಡ್ಡ ಲೈಟು ಹಾಕಿದ್ದರೂ ಇದೇ ಆಗುತ್ತದೆ.

ಎರಡನೆಯದು ಆರ್ಗನ್. ಪೈಪ್ ಆರ್ಗನ್ ಸರಿಯಾಗಿ ಇದರ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಪೈಪಿನ ಸ್ವರ ಒಳಗಿನ ಗಾಳಿಯಲ್ಲಿ ಶಬ್ದದ ವೇಗವನ್ನು ಅವಲಂಬಿಸಿದೆ, ಗಾಳಿ ಬಿಸಿಯಾದರೆ ಶಬ್ದ ವೇಗವಾಗಿ ಹೋಗುತ್ತದೆ, ಸ್ವರ ಏರುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. 23ರ ಬೆಳಿಗ್ಗೆ ಒಳಗೆ 10 ಡಿಗ್ರಿ ಇದ್ದು, ರಾತ್ರಿ 20 ಡಿಗ್ರಿ ಆಗಿದ್ದರೆ ಆರ್ಗನ್ ಹತ್ತಿರ ಹತ್ತಿರ 30 ಸೆಂಟ್ ಮೇಲೆ ಹೋಗಿರುತ್ತದೆ. ಪಿಯಾನೊ ಅಷ್ಟರಲ್ಲಿ ಕೆಳಗೆ ಇಳಿದಿರುತ್ತದೆ. ಇವೆರಡನ್ನು ಒಟ್ಟಿಗೆ ನುಡಿಸಿದರೆ ಕಿವಿ ಇರುವ ಯಾರಿಗೂ ಹಿಂಸೆಯೇ. ಇದರಲ್ಲಿ ಟ್ಯೂನರ್ ಪಾತ್ರ ಏನೂ ಇಲ್ಲ.

ಮೂರನೆಯದು ಒಣಗಾಳಿ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶವೇ ಕಡಿಮೆ. ಸೊನ್ನೆ ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯನ್ನೇ ಒಳಗೆ ತಂದು 20 ಡಿಗ್ರಿಗೆ ಬಿಸಿ ಮಾಡಿದರೂ ಅದರ ತೇವಾಂಶ ಸುಮಾರು ಶೇ. 26ಕ್ಕೆ ಬೀಳುತ್ತದೆ. ಮರ ಇದಕ್ಕೆ ನಿಧಾನವಾಗಿ ಸ್ಪಂದಿಸುತ್ತದೆ. ಮೊದಲ ಗಂಟೆಗಳಲ್ಲಿ ಸ್ವಲ್ಪ, ಮುಂದಿನ ದಿನಗಳಲ್ಲಿ ಜಾಸ್ತಿ. ಡಿಸೆಂಬರ್ ಕೊನೆಯ ವಾರ ಪೂರ್ತಿ ಹೀಟರ್ ಉರಿದರೆ ಹೊಸ ವರ್ಷದ ಹೊತ್ತಿಗೆ ಪಿಯಾನೊ ಇನ್ನೂ ಇಳಿದಿರುತ್ತದೆ.

ನಾಲ್ಕನೆಯದು ವರ್ಷದ ಲೆಕ್ಕ. ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ವರ್ಷಕ್ಕೊಮ್ಮೆ ಮುಟ್ಟಿದ ಪಿಯಾನೊ ಟ್ಯೂನರ್ ಕೈಗೆ ಸಿಗುವ ಹೊತ್ತಿಗೆ ಸಾಕಷ್ಟು ಇಳಿದಿರುತ್ತದೆ. 20 ಸೆಂಟ್ ಇಳಿದಿದೆ ಅಂದುಕೊಳ್ಳಿ. ಅಷ್ಟನ್ನು ಏರಿಸಬೇಕಾದರೆ ತಂತಿಗಳ ಎಳೆತ ಶೇ. 2ಕ್ಕಿಂತ ಸ್ವಲ್ಪ ಜಾಸ್ತಿ ಆಗಬೇಕು. 18 ಟನ್ನಿಗೆ ಲೆಕ್ಕ ಹಾಕಿದರೆ ಸುಮಾರು 400 ಕಿಲೋ. ಒಂದೇ ಬೆಳಿಗ್ಗೆಯಲ್ಲಿ 400 ಕಿಲೋ ಎಳೆತವನ್ನು ಆ ಹಲಗೆ, ಆ ಚೌಕಟ್ಟಿನ ಮೇಲೆ ಹೊಸದಾಗಿ ಹೇರಿದ ಹಾಗೆ. ಮೊದಲ ತಂತಿಗಳನ್ನು ಸರಿಮಾಡಿ ಮುಂದೆ ಹೋದರೆ, ಹಿಂದೆ ಬಿಟ್ಟು ಬಂದವು ಆಗಲೇ ಇಳಿಯುತ್ತಿರುತ್ತವೆ, ಏಕೆಂದರೆ ಹೊಸ ಎಳೆತಕ್ಕೆ ಹಲಗೆ ಕೆಳಗೆ ಅದುಮಿಕೊಳ್ಳುತ್ತದೆ. ಅದಕ್ಕೇ ಟ್ಯೂನರ್‌ಗಳು ಮೊದಲ ಸುತ್ತಿನಲ್ಲಿ ಬೇಕಾದ್ದಕ್ಕಿಂತ ಚೂರು ಮೇಲಕ್ಕೇ ಎಳೆಯುತ್ತಾರೆ. 20 ಸೆಂಟ್ ಇಳಿದಿದ್ದರೆ ಗುರಿಗಿಂತ 5 ಸೆಂಟ್ ಹತ್ತಿರ ಮೇಲೆ, ಆಮೇಲೆ ಅದು ಕೂತ ಮೇಲೆ ಎರಡನೇ ಸುತ್ತಿನಲ್ಲಿ ನಯವಾಗಿ ಮಾಡುತ್ತಾರೆ. ಇಷ್ಟು ಮಾಡಿದರೂ ಮುಂದಿನ ಎರಡು ಮೂರು ವಾರ ಅದು ಕದಲುತ್ತಲೇ ಇರುತ್ತದೆ. ಅದಕ್ಕೆ ಇನ್ನೊಂದು ಭೇಟಿ ಬೇಕೇ ಬೇಕು. 23ಕ್ಕೆ ಕರೆದರೆ ಆ ಇನ್ನೊಂದು ಭೇಟಿಗೆ ದಿನ ಎಲ್ಲಿದೆ?

ಗೋದಲಿಗೋಸ್ಕರ ಸರಿಸಿದ್ದನ್ನು ಕೇಳಿದ್ದೀರಿ. ಅದೇ ಕೋಣೆಯಲ್ಲಿ ಚಕ್ರದ ಮೇಲೆ ಮೆಲ್ಲಗೆ ನಾಲ್ಕು ಅಡಿ ಸರಿಸಿದರೆ ಶ್ರುತಿ ಕೆಡುವುದಿಲ್ಲ. ಕೆಡಿಸುವುದು ಹೊಸ ಜಾಗ. ಹೀಟರ್ ಪಕ್ಕ, ಏಸಿ ಗಾಳಿ ನೇರವಾಗಿ ಬೀಳುವ ಕಡೆ, ಬಿಸಿಲು ಬರುವ ಕಿಟಕಿ ಮುಂದೆ ಇಟ್ಟರೆ ಮುಗೀತು. ಸರಿಸಲೇಬೇಕು ಅಂತಿದ್ದರೆ ಶ್ರುತಿ ಮಾಡಿಸುವ ಮುಂಚೆಯೇ ಸರಿಸಿ, ಹಬ್ಬ ಮುಗಿಯುವ ತನಕ ಅಲ್ಲೇ ಇರಲಿ.

ಹಾಗಾದರೆ ಟ್ಯೂನರ್ ಕೆಲಸ ಸರಿ ಇಲ್ಲದ್ದು ಎಂದೂ ಇರುವುದೇ ಇಲ್ಲವಾ ಅಂತ ಕೇಳಬಹುದು. ಇರುತ್ತದೆ. ಅದನ್ನು ನೀವೇ ಕಿವಿಯಿಂದ ಕಂಡುಹಿಡಿಯಬಹುದು. ನಡುವಿನ ಮತ್ತು ಮೇಲಿನ ಸ್ವರಗಳಲ್ಲಿ ಒಂದೊಂದು ಕೀಗೆ ಮೂರು ಮೂರು ತಂತಿ ಇರುತ್ತವೆ. ಮೂರೂ ಒಂದೇ ಸ್ವರಕ್ಕೆ ನಿಂತಿರಬೇಕು. ಒಂದು 440, ಇನ್ನೊಂದು 441 ಆದರೆ ಸೆಕೆಂಡಿಗೆ ಒಂದು ಸಲ 'ವೋಂ… ವೋಂ' ಎಂದು ಸ್ವರ ಅಲೆಯಾಗಿ ಏರಿಳಿಯುತ್ತದೆ. ಒಂದೊಂದೇ ಕೀಯನ್ನು ಒತ್ತಿ ಹಿಡಿದು ಕೇಳಿ. ಶ್ರುತಿ ಮಾಡಿಸಿದ ಒಂದೆರಡು ದಿನದಲ್ಲೇ, ಹವೆ ಬದಲಾಗದೆ, ಇಲ್ಲೊಂದು ಅಲ್ಲೊಂದು ಕೀ ಹೀಗೆ ಅಲೆಯತೊಡಗಿದರೆ ತಂತಿ ಸುತ್ತಿರುವ ಪಿನ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪಿನ್ ಹಿಡಿಯುವ ಮರ ಸಡಿಲವಾಗಿದೆ. ಅದರ ಬದಲು ಒಂದೊಂದು ಕೀ ಪ್ರತ್ಯೇಕವಾಗಿ ಶುದ್ಧವಾಗಿದ್ದು, ಕೆಳಗಿನ ಸ್ಥಾಯಿ ಜೊತೆ ಒತ್ತಿದಾಗ ಮಾತ್ರ ನಡುವಿನ ಭಾಗ ಪೂರ್ತಿ ಇಳಿದಂತೆ ಕೇಳಿಸಿದರೆ, ಅದು ಹವೆಯ ಕೆಲಸ. ನೀವು ಹೇಳಿದ್ದು ಎರಡನೆಯ ಥರದ್ದು.

ಪಿನ್ ಕೂರುವುದು ಅಂದೆನಲ್ಲ, ಅದನ್ನು ಒಮ್ಮೆ ಹತ್ತಿರದಿಂದ ನೋಡಿ, ಟ್ಯೂನರ್‌ಗೆ ಯಾಕೆ ಸಮಯ ಬೇಕು ಅಂತ ಅರ್ಥವಾಗುತ್ತದೆ. ಟ್ಯೂನರ್ ಉದ್ದನೆಯ ಫೆಲ್ಟ್ ಪಟ್ಟಿಯನ್ನು ತಂತಿಗಳ ಸಂದಿಗೆ ತುರುಕುತ್ತಾರೆ. ಮೂರರಲ್ಲಿ ಅಕ್ಕಪಕ್ಕದ ಎರಡು ಮೂಕವಾಗಿ ನಡುವಿನದ್ದು ಮಾತ್ರ ಕೇಳುತ್ತದೆ. ಅದನ್ನು ಸರಿಮಾಡಿ, ಪಟ್ಟಿ ತೆಗೆದು, ಒಂದೊಂದೇ ಪಕ್ಕದ ತಂತಿಯನ್ನು ಅದಕ್ಕೆ ಸೇರಿಸುತ್ತಾರೆ. ಪಿನ್ ಮೇಲೆ ಲಿವರ್ ಇಟ್ಟು ತಿರುಗಿಸುತ್ತಾರೆ, ಆದರೆ ಕಣ್ಣಿಗೆ ತಿರುಗಿದ್ದು ಕಾಣುವುದೇ ಇಲ್ಲ, ಅಷ್ಟು ಕಡಿಮೆ. ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ನಿಲ್ಲುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಪಿನ್ನಿನ ತಲೆ ತಿರುಗಿರುತ್ತದೆ, ಮರದೊಳಗಿನ ಬುಡ ಇನ್ನೂ ತಿರುಗಿರುವುದಿಲ್ಲ, ಪಿನ್ ಒಳಗೊಳಗೇ ಹುರಿ ತಿರುಚಿಕೊಂಡು ನಿಂತಿರುತ್ತದೆ. ತಂತಿಯ ಎಳೆತವೂ ಅದು ಹಾದುಹೋಗುವ ಒತ್ತುಪಟ್ಟಿಯ ಆಚೆ ಈಚೆ ಒಂದೇ ಸಮ ಆಗಿರುವುದಿಲ್ಲ. ಅದಕ್ಕೇ ಅವರು ಕೀಯನ್ನು ಜೋರಾಗಿ ಬಡಿಯುತ್ತಾರೆ. ಬಡಿದಾಗ ತಂತಿ ಜಾರಬೇಕಿದ್ದರೆ ಆಗಲೇ ಜಾರಲಿ ಅಂತ. ಜಾರಿದರೆ ಮತ್ತೆ ಸರಿಮಾಡಿ, ಲಿವರನ್ನು ಚೂರು ಹಿಂದಕ್ಕೆ ಒತ್ತಿ ಪಿನ್ನಿನ ತಿರುಚು ಬಿಡಿಸಿ ಕೂರಿಸುತ್ತಾರೆ. ಇದನ್ನು 230 ತಂತಿಗೂ ಮಾಡಬೇಕು.

ಸಾಮಾನ್ಯ ಶ್ರುತಿಗೆ ಒಂದೂವರೆಯಿಂದ ಎರಡು ಗಂಟೆ. ಇಳಿದ ಪಿಯಾನೊ ಏರಿಸಬೇಕಾದರೆ ಇನ್ನೂ ಜಾಸ್ತಿ. ಆ ಅಷ್ಟೂ ಹೊತ್ತು ಚರ್ಚಿನಲ್ಲಿ ಸದ್ದು ಇರಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹಬ್ಬದ ವಾರದಲ್ಲಿ ಇದೊಂದೇ ಯಾರಿಂದಲೂ ಆಗುವುದಿಲ್ಲ. ಒಂದು ಕಡೆ ವ್ಯಾಕ್ಯೂಮ್ ಕ್ಲೀನರ್, ಇನ್ನೊಂದು ಕಡೆ ಮೈಕ್ ಟೆಸ್ಟಿಂಗ್, ಏಣಿ ಎಳೆಯುವುದು, ಮಕ್ಕಳ ನಾಟಕದ ಪ್ರಾಕ್ಟೀಸು. ಸೆಕೆಂಡಿಗೆ ಅರ್ಧ ಅಲೆಯನ್ನು ಕೇಳಿ ಹಿಡಿಯಬೇಕಾದ ಮನುಷ್ಯನ ಪಕ್ಕದಲ್ಲಿ ಇಷ್ಟೆಲ್ಲ ನಡೆಯುತ್ತಿದ್ದರೆ ಆ ಕೆಲಸ ಚೆನ್ನಾಗಿ ಆಗುವುದಾದರೂ ಹೇಗೆ? ಈಗ ಟ್ಯೂನರ್‌ಗಳ ಹತ್ತಿರ ಆ್ಯಪ್ ಇರುತ್ತದೆ, ಗಲಾಟೆಯಲ್ಲೂ ಸ್ವರ ತೋರಿಸುತ್ತದೆ, ನಿಜ. ಆದರೆ ಮೂರು ತಂತಿ ಒಂದಾಗಿದೆಯೇ ಎಂದು ಕೊನೆಗೆ ಹೇಳಬೇಕಾದ್ದು ಕಿವಿಯೇ. ಆ ಎರಡು ಗಂಟೆಗೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಅಲಂಕಾರದವರಿಗೂ ಸೌಂಡ್ ಸಿಸ್ಟಮ್‌ನವರಿಗೂ ಮೊದಲೇ ಹೇಳಿಡಿ.

ಇನ್ನು ದಿನದ ವಿಷಯ. ಕ್ರಿಸ್‌ಮಸ್ ಸುಲಭ, ಅದು ಯಾವತ್ತೂ ಡಿಸೆಂಬರ್ 25. ಜೂಲಿಯನ್ ಕ್ಯಾಲೆಂಡರ್ ಪಾಲಿಸುವ ಚರ್ಚುಗಳಿಗೆ ಜನವರಿ 7. ಪ್ರತಿ ವರ್ಷ ಹವೆಯ ಅದೇ ಹಂತದಲ್ಲಿ ಬರುವುದರಿಂದ ಅಂದಾಜು ಸಿಗುತ್ತದೆ. ಕ್ರಿಸ್‌ಮಸ್‌ಗೆ ತಯಾರಾಗುವ ಆಗಮನ ಕಾಲ ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗಿನ ಭಾನುವಾರ. ಗಾನವೃಂದದ ದೊಡ್ಡ ತಯಾರಿ ಶುರುವಾಗುವುದೂ ಆಗಲೇ. ನನ್ನ ಸಲಹೆ, ಮೊದಲ ಶ್ರುತಿ ಆ ವಾರ ಆಗಲಿ. ಅಷ್ಟು ಹೊತ್ತಿಗೆ ಚಳಿ ಊರುಗಳಲ್ಲಿ ಹೀಟರ್ ಶುರುವಾಗಿ ಒಂದೆರಡು ವಾರ ಆಗಿರುತ್ತದೆ, ಮರ ಒಣಗಾಳಿಗೆ ಒಗ್ಗತೊಡಗಿರುತ್ತದೆ. ಏರಿಸುವ ದೊಡ್ಡ ಕೆಲಸವೆಲ್ಲ ಈ ಭೇಟಿಯಲ್ಲಿ ಮುಗಿಯಬೇಕು. ಎರಡನೆಯದು ಡಿಸೆಂಬರ್ 20ರಿಂದ 23ರ ಒಳಗೆ, ಚಿಕ್ಕದು. ಕದಲಿದ ತಂತಿಗಳನ್ನು ಮಾತ್ರ ಸರಿಮಾಡುವುದು, ಮುಕ್ಕಾಲು ಗಂಟೆ ಸಾಕು. ಬಜೆಟ್‌ನಲ್ಲಿ ಒಂದೇ ಭೇಟಿಗೆ ಜಾಗ ಇದ್ದರೆ ಹಬ್ಬಕ್ಕೆ ಮೂರರಿಂದ ಏಳು ದಿನ ಮುಂಚೆ ಮಾಡಿಸಿ, ಆದರೆ ಆ ಏಳೂ ದಿನ ಚರ್ಚಿನ ಹೀಟರನ್ನು ಒಂದೇ ಮಟ್ಟದಲ್ಲಿ ಇಡಿ.

ಡಿಸೆಂಬರ್ ಬೇಸಿಗೆಯಾಗಿರುವ ದಕ್ಷಿಣದ ದೇಶಗಳಲ್ಲಿ, ಅಥವಾ ಮಳೆ ಮುಗಿದು ಗಾಳಿ ಒಣಗುವ ಕಡೆಗಳಲ್ಲಿ ಹೀಟರ್ ಬದಲು ಏಸಿ ಅಂತ ಓದಿಕೊಳ್ಳಿ. ನಿಯಮ ಅದೇ. ವಾರವಿಡೀ ಏಸಿ ಇಲ್ಲದೆ ಭಾನುವಾರ ಮಾತ್ರ ಹಾಕುವ ಚರ್ಚಾದರೆ, ಏಸಿ ಹಾಕಿದ ಗಾಳಿಯಲ್ಲೇ ಟ್ಯೂನರ್ ಕೆಲಸ ಮಾಡಬೇಕು.

ಈಸ್ಟರ್ ಕಷ್ಟ. ಪಾಶ್ಚಾತ್ಯ ಸಂಪ್ರದಾಯದಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. 2008ರಲ್ಲಿ ಮಾರ್ಚ್ 23ಕ್ಕೆ ಬಂತು, 2011ರಲ್ಲಿ ಏಪ್ರಿಲ್ 24ಕ್ಕೆ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಇನ್ನೂ ತಡವಾಗಬಹುದು, 2024ರಲ್ಲಿ ಪಾಶ್ಚಾತ್ಯ ಈಸ್ಟರ್ ಮಾರ್ಚ್ 31, ಅವರದ್ದು ಮೇ 5. ಒಂದು ವರ್ಷ ಹೀಟರ್ ಜೋರಾಗಿ ಉರಿಯುತ್ತಿರುವಾಗ ಈಸ್ಟರ್, ಇನ್ನೊಂದು ವರ್ಷ ಹೀಟರ್ ಆರಿಸಿ ಕಿಟಕಿ ತೆರೆದ ಮೇಲೆ ಈಸ್ಟರ್. ಪಿಯಾನೊ ಮಟ್ಟಿಗೆ ಇವೆರಡು ಬೇರೆ ಬೇರೆ ಹಬ್ಬಗಳೇ. ಅದಕ್ಕೆ 'ಹೋದ ವರ್ಷ ಇಂಥ ದಿನ ಮಾಡಿಸಿದ್ದೆವು' ಅನ್ನುವುದು ಈಸ್ಟರ್‌ಗೆ ನಡೆಯುವುದಿಲ್ಲ. ಆ ವರ್ಷದ ಹವೆ ನೋಡಿಯೇ ತೀರ್ಮಾನಿಸಬೇಕು. ಹೀಟರ್ ಆರಿಸುವ ವಾರ ಮತ್ತು ಈಸ್ಟರ್ ವಾರ ಒಂದೇ ಆಗಿಬಿಟ್ಟರೆ ನಾನಾದರೆ ಹೀಟರನ್ನು ಹಬ್ಬ ಮುಗಿಯುವ ತನಕ ಕಡಿಮೆ ಮಟ್ಟದಲ್ಲಿ ಇಟ್ಟುಕೊಳ್ಳಲು ಹೇಳುತ್ತೇನೆ.

ಈಸ್ಟರ್‌ಗೆ ಇನ್ನೊಂದು ತೊಡಕಿದೆ. ಹಬ್ಬಕ್ಕೆ ಮುಂಚಿನ ಪವಿತ್ರ ವಾರದಲ್ಲಿ ಚರ್ಚ್ ಖಾಲಿ ಇರುವ ಹೊತ್ತೇ ಸಿಗುವುದಿಲ್ಲ. ಗರಿಗಳ ಭಾನುವಾರದಿಂದಲೇ ಒಂದಾದ ಮೇಲೊಂದು ಆರಾಧನೆ. ಕಥೋಲಿಕ ಚರ್ಚುಗಳಲ್ಲಿ ಪವಿತ್ರ ಗುರುವಾರದ ಮಹಿಮಾ ಗೀತೆ (ಗ್ಲೋರಿಯಾ) ಮುಗಿದ ಮೇಲೆ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯ ಮಹಿಮಾ ಗೀತೆಯ ತನಕ ವಾದ್ಯಗಳನ್ನು ಹಾಡುವವರಿಗೆ ಆಸರೆಯಾಗಿ ಮಾತ್ರ ನುಡಿಸಬಹುದು. ಅಂದರೆ ಸುಮಾರು ಎರಡು ದಿನ ಪಿಯಾನೊ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಆಮೇಲೆ ಜಾಗರಣೆಯ ರಾತ್ರಿ ಗಂಟೆಗಳ ಜೊತೆ ಒಮ್ಮೆಲೇ ತುಂಬಿ ಮೊಳಗಬೇಕು. ಆ ಕ್ಷಣಕ್ಕೆ ಶ್ರುತಿ ಸರಿ ಇಲ್ಲದಿದ್ದರೆ ಎಷ್ಟು ಬೇಸರವಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನಗೆ ಹಿಡಿಸಿದ ದಿನ ಪವಿತ್ರ ವಾರದ ಬುಧವಾರ ಬೆಳಿಗ್ಗೆ. ಗುರುವಾರಕ್ಕೂ ಸಿಗುತ್ತದೆ, ಶನಿವಾರ ರಾತ್ರಿಗೂ ಉಳಿಯುತ್ತದೆ. ಬುಧವಾರ ಆಗದಿದ್ದರೆ ಶನಿವಾರ ಬೆಳಿಗ್ಗೆ ಬೇಗ, ಹೂವಿನ ಅಲಂಕಾರದವರು ಬರುವ ಮುಂಚೆ.

ಯಾವ ದಿನವಾದರೂ ಒಂದು ಮಾತು ಮರೆಯಬೇಡಿ. ಟ್ಯೂನರ್ ಬರುವ ಮುಂಚಿನ ರಾತ್ರಿಯಿಂದಲೇ ಆರಾಧನೆಯ ಹೊತ್ತಿನಲ್ಲಿ ಇರುವಷ್ಟೇ ಬಿಸಿ ಅಥವಾ ತಂಪು ಒಳಗೆ ಇರಲಿ. ಒಂದು ಗಂಟೆ ಮುಂಚೆ ಹೀಟರ್ ಹಾಕಿದರೆ ಗಾಳಿ ಬಿಸಿಯಾಗುತ್ತದೆ, ಕಬ್ಬಿಣದ ಚೌಕಟ್ಟು ತಣ್ಣಗೇ ಇರುತ್ತದೆ, ಟ್ಯೂನರ್ ಕೆಲಸ ಮಾಡುತ್ತಿರುವಾಗಲೇ ಶ್ರುತಿ ಕಾಲ ಕೆಳಗಿನಿಂದ ಜಾರುತ್ತದೆ. ಖರ್ಚು ಉಳಿಸಲು ಹೀಟರ್ ಆರಿಸುವುದು ಅರ್ಥವಾಗುತ್ತದೆ. ಆದರೆ ಶ್ರುತಿಗೆ ಕೊಡುವ ದುಡ್ಡು ಅದರಿಂದಲೇ ನೀರುಪಾಲಾಗುತ್ತದೆ.

ಪಿಯಾನೊ, ಆರ್ಗನ್ ಎರಡೂ ಒಟ್ಟಿಗೆ ಬೇಕು ಅಂತಿದ್ದರೆ ಟ್ಯೂನರ್‌ಗೆ ಮೊದಲೇ ತಿಳಿಸಿ. ಆರ್ಗನ್ ಪೈಪುಗಳನ್ನು ಪಿಯಾನೊಗೆ ಹೊಂದಿಸುವುದು ಸಾಧ್ಯವಿಲ್ಲದ ಮಾತು, ಪಿಯಾನೊವನ್ನೇ ಆರ್ಗನ್‌ಗೆ ಹೊಂದಿಸಬೇಕು, ಅದೂ ಆರಾಧನೆಯ ಬಿಸಿಯಲ್ಲಿ. ಹಳೆಯ ಆರ್ಗನ್ ಆದರೆ ಅದು 440ರಲ್ಲೇ ಇದೆ ಅಂತ ನಂಬಬೇಡಿ. 440 ಅನ್ನುವುದನ್ನು 1939ರ ಲಂಡನ್ ಸಮ್ಮೇಳನದಲ್ಲಿ ಒಪ್ಪಿದ್ದು. ಅದಕ್ಕಿಂತ ಮುಂಚೆ ಫ್ರಾನ್ಸ್ 1859ರಲ್ಲೇ 435 ಅಂತ ಕಾನೂನು ಮಾಡಿತ್ತು, ಬೇರೆ ಕಡೆಗಳಲ್ಲಿ ಬೇರೆ ಬೇರೆ ಇತ್ತು. ಹಳೆಯ ಆರ್ಗನ್‌ಗಳು ಆ ಹಳೆಯ ಶ್ರುತಿಯಲ್ಲೇ ಉಳಿದಿರಬಹುದು. ಅಳೆದು ನೋಡಿ ಆಮೇಲೆ ತೀರ್ಮಾನಿಸಿ. ಅಂತರ ಜಾಸ್ತಿ ಇದ್ದರೆ ಎರಡನ್ನೂ ಒಟ್ಟಿಗೆ ನುಡಿಸಬೇಡಿ. ಒಂದು ಹಾಡಿಗೆ ಆರ್ಗನ್, ಮುಂದಿನದ್ದಕ್ಕೆ ಪಿಯಾನೊ. ಇದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಎಲೆಕ್ಟ್ರಾನಿಕ್ ಕೀಬೋರ್ಡ್ ಇದ್ದರೆ ಕೆಲಸ ಸುಲಭ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಮಾಸ್ಟರ್ ಟ್ಯೂನಿಂಗ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಹಬ್ಬದ ರಾತ್ರಿ ಪಿಯಾನೊ 438ಕ್ಕೆ ಇಳಿದಿದ್ದರೆ ಕೀಬೋರ್ಡನ್ನೂ 438ಕ್ಕೆ ಇಳಿಸಿ, ಗಿಟಾರಿನವರಿಗೂ ಹೇಳಿ. ಅರ್ಧ ನಿಮಿಷದ ಕೆಲಸ, ಎಷ್ಟೋ ಕಡೆ ಯಾರಿಗೂ ಹೊಳೆಯುವುದಿಲ್ಲ. ಹ್ಯಾಂಡ್‌ಬೆಲ್ ಇದ್ದರೆ ಮಾತ್ರ ಇದು ಆಗದು, ಅವುಗಳ ಸ್ವರ ತಯಾರಿಸುವಾಗಲೇ ನಿಂತುಹೋಗಿರುತ್ತದೆ. ಆಗ ಪಿಯಾನೊವೇ ಅವುಗಳ ಹತ್ತಿರ ಬರಬೇಕು.

ನಿಮ್ಮ ಚರ್ಚಿಗೆ ಒಂದು ಹೈಗ್ರೋಮೀಟರ್ ತಂದು ಪಿಯಾನೊ ಹತ್ತಿರ ಇಡಿ. ತೇವಾಂಶ ತೋರಿಸುವ ಸಣ್ಣ ಯಂತ್ರ. ಪ್ರತಿ ಭಾನುವಾರ ಯಾರಾದರೂ ಒಬ್ಬರು ಅಂಕಿ ಬರೆದಿಡಲಿ. ಶೇ. 40ರಿಂದ 60ರ ಒಳಗೆ ಇದ್ದರೆ ಒಳ್ಳೆಯದು. ಆದರೆ ಅಂಕಿಗಿಂತ ಅದು ಸ್ಥಿರವಾಗಿರುವುದು ಮುಖ್ಯ. ವರ್ಷವಿಡೀ 55ರಲ್ಲೇ ಇರುವ ಚರ್ಚಿನಲ್ಲಿ ಪಿಯಾನೊ ಆರಾಮಾಗಿರುತ್ತದೆ, 25ರಿಂದ 75ಕ್ಕೆ ಓಡಾಡುವ ಕಡೆ ಎಷ್ಟು ಸಲ ಶ್ರುತಿ ಮಾಡಿಸಿದರೂ ನಿಲ್ಲುವುದಿಲ್ಲ. ಅಷ್ಟು ಓಡಾಟ ಇದ್ದರೆ ಪಿಯಾನೊ ಒಳಗೇ ಕೂರಿಸುವ ತೇವ ನಿಯಂತ್ರಣದ ವ್ಯವಸ್ಥೆ ಸಿಗುತ್ತದೆ. ಒಣಗಿದಾಗ ತೊಟ್ಟಿಯ ನೀರಿನಿಂದ ತೇವ ಕೊಡುತ್ತದೆ, ತೇವ ಜಾಸ್ತಿಯಾದಾಗ ಬಿಸಿ ಕಡ್ಡಿಯಿಂದ ಒಣಗಿಸುತ್ತದೆ. ದೊಡ್ಡ ಕಟ್ಟಡದ ಗಾಳಿಯನ್ನೆಲ್ಲ ಹತೋಟಿಗೆ ತರುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ನೀರು ತುಂಬಿಸುವುದು ಯಾರು ಅನ್ನುವುದು ನಿಗದಿಯಾಗಿರಲಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ, ತೊಟ್ಟಿ ಒಣಗಿರುತ್ತದೆ.

ಪಿಯಾನೊ ಮುಚ್ಚಳದ ಮೇಲೆ ಹೂಕುಂಡ, ಮೇಣದಬತ್ತಿ ಇಡಬೇಡಿ. ದಯವಿಟ್ಟು. ಹಬ್ಬದ ಅಲಂಕಾರದಲ್ಲಿ ಚಪ್ಪಟೆಯಾಗಿ ಕಂಡಿದ್ದರ ಮೇಲೆಲ್ಲ ಏನಾದರೂ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಕುಂಡದ ನೀರು ಒಳಗೆ ಇಳಿದು ಪಿನ್‌ಗಳಿಗೆ ತುಕ್ಕು ಹಿಡಿದರೆ ಆ ಹಾನಿ ಹಬ್ಬ ಮುಗಿದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ.

ಟ್ಯೂನರ್‌ಗೆ ಫೋನ್ ಮಾಡುವುದು ಯಾವಾಗ? ಕ್ರಿಸ್‌ಮಸ್‌ಗೆ ಸೆಪ್ಟೆಂಬರ್‌ನಲ್ಲೇ. ಈಸ್ಟರ್‌ಗೆ ಅದಕ್ಕೆ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾಗುವ ಮುಂಚೆ. ಎಲ್ಲ ಚರ್ಚುಗಳಿಗೂ, ಶಾಲೆಗಳಿಗೂ, ಸಂಗೀತ ಸಭಾಂಗಣಗಳಿಗೂ ಒಂದೇ ವಾರದಲ್ಲಿ ಟ್ಯೂನರ್ ಬೇಕು. ಫೋನಿನಲ್ಲೇ ಹೇಳಿಬಿಡಿ, ಹೋದ ಸಲ ಯಾವಾಗ ಶ್ರುತಿ ಮಾಡಿಸಿದ್ದು, ಜೊತೆಗೆ ಯಾವ ವಾದ್ಯ ಇದೆ, ಆರಾಧನೆ ಹೊತ್ತಿಗೆ ಒಳಗೆ ಎಷ್ಟು ಬಿಸಿ ಇರುತ್ತದೆ, ಯಾವ ಕೀ ಅಂಟಿಕೊಳ್ಳುತ್ತದೆ, ಯಾವ ಪೆಡಲ್ ಕಿರುಗುಟ್ಟುತ್ತದೆ. ಒಂದು ಚೀಟಿಯಲ್ಲಿ ಬರೆದು ಪಿಯಾನೊ ಒಳಗೆ ಇಟ್ಟರೂ ಆಯಿತು, ನುಡಿಸುವವರೆಲ್ಲ ತಮ್ಮ ದೂರನ್ನು ಅದರಲ್ಲೇ ಬರೆಯಲಿ. ಅಂಟಿಕೊಳ್ಳುವ ಕೀ ಹೆಚ್ಚಾಗಿ ತೇವಕ್ಕೆ ಉಬ್ಬಿದ ಫೆಲ್ಟ್‌ನಿಂದ, ಗರಗರ ಸದ್ದು ಹೆಚ್ಚಾಗಿ ಒಳಗೆ ಬಿದ್ದ ಪೆನ್ಸಿಲ್ ಅಥವಾ ನಾಣ್ಯದಿಂದ. ಎರಡೂ ಸಣ್ಣ ಕೆಲಸ, ಆದರೆ ಮೊದಲೇ ಗೊತ್ತಿದ್ದರೆ ಸಮಯ ಇಟ್ಟುಕೊಂಡು ಬರುತ್ತಾರೆ.

ನಡುವೆ ಒಂದು ಶ್ರುತಿ ಹಬ್ಬವಿಲ್ಲದ ಕಾಲದಲ್ಲೂ ಆಗಲಿ, ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ. ವರ್ಷಕ್ಕೆ ಎರಡು ಸಲ ನೋಡಿಸಿದ ಪಿಯಾನೊ ಹಬ್ಬದ ಹೊತ್ತಿಗೆ ಅಷ್ಟೊಂದು ಇಳಿದಿರುವುದಿಲ್ಲ. ಆಗ ಟ್ಯೂನರ್ ಏರಿಸುವುದರಲ್ಲಿ ದಿನ ಕಳೆಯದೆ ಸ್ವರವನ್ನು ಚೆಂದ ಮಾಡುವುದರಲ್ಲಿ ಕಳೆಯುತ್ತಾರೆ.

ಕೊನೆಗೆ ನೀವು 'ಹಳೆಯ ಪಿಯಾನೊ' ಅಂದಿದ್ದು ನನ್ನ ತಲೆಯಲ್ಲಿ ಉಳಿದಿದೆ. ಈ ಸಲ ಟ್ಯೂನರ್ ಬಂದಾಗ ಪಿನ್‌ಗಳು ಎಷ್ಟು ಬಿಗಿ ಇವೆ ಎಂದು ಕೇಳಿ. ಪಿನ್ ಹಿಡಿಯುವ ಮರ ಒಣಗಿ ಬಿರುಕು ಬಿಟ್ಟಿದ್ದರೆ ನಾನು ಮೇಲೆ ಹೇಳಿದ್ದೆಲ್ಲ ಮಾಡಿದರೂ ಶ್ರುತಿ ನಿಲ್ಲುವುದಿಲ್ಲ. ಆಗ ಚೂರು ದಪ್ಪದ ಪಿನ್ ಹಾಕುವುದು, ಪಿನ್ ಸುತ್ತ ತೆಳು ಅಂಟು ಇಳಿಸಿ ಬಿಗಿ ಮಾಡುವುದು, ತೀರಾ ಕೆಟ್ಟಿದ್ದರೆ ಆ ಮರವನ್ನೇ ಬದಲಿಸಿ ಹೊಸ ತಂತಿ ಹಾಕುವುದು, ಹೀಗೆ ದಾರಿಗಳಿವೆ. ತಂತಿಗಳಲ್ಲಿ ತುಕ್ಕು ಇದ್ದರೆ ಏರಿಸುವಾಗ ಒಂದೆರಡು ಕಡಿಯಬಹುದು ಎಂದೂ ಟ್ಯೂನರ್ ಹೇಳಬಹುದು, ಅದಕ್ಕೆ ಗಾಬರಿಯಾಗಬೇಡಿ. ಅಂಥ ಕೆಲಸವನ್ನು ಡಿಸೆಂಬರ್‌ನಲ್ಲಿ ಮುಟ್ಟಬೇಡಿ. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ, ನಿಲ್ಲಲು ತಿಂಗಳುಗಳು ಬೇಕು. ಈಸ್ಟರ್ ಮುಗಿದ ಮೇಲಿನ ವಾರಕ್ಕೆ ದಿನ ಗೊತ್ತುಮಾಡಿಕೊಳ್ಳಿ, ಮುಂದಿನ ಆಗಮನ ಕಾಲದ ಒಳಗೆ ಮೂರು ನಾಲ್ಕು ಸಲ ಶ್ರುತಿ ಮಾಡಿಸಿ ಕೂರಿಸಲು ಸಾಕಷ್ಟು ಸಮಯ ಸಿಗುತ್ತದೆ.